ಬೊಂಬೆ ಡಬ್ಬಿಯ ತಂತಿ, ನಮ್ಮೂರ ಚಾಕುಗಳ ಬಾಯಿ: ಆಟಿಕೆ ಕಂಪನಿಗಳಿಗೆ ದಾವಣಗೆರೆ ಸಾಣೆಯವನ ಬಹಿರಂಗ ಪತ್ರ

ಆಟಿಕೆ ಕಂಪನಿಗಳಲ್ಲಿ ಪ್ಯಾಕಿಂಗ್ ನೋಡ್ಕಳೋ ಸಾಹೇಬ್ರಿಗೆ, ಆ ಡಬ್ಬಿ ಮೇಲೆ ಐಎಸ್‌ಐ ಮಾರ್ಕು ಹಾಕಕ್ಕೆ ಲೈಸೆನ್ಸ್ ಕೊಡೋ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಅಧಿಕಾರಿಗಳಿಗೆ, ಹಂಗೇ ಇದನ್ನ ಓದೋ ನಮ್ಮೂರ ಜನಕ್ಕೂ,

ನಮಸ್ಕಾರ ರೀ.

ನಾನು ದಾವಣಗೆರೆಯ ಹಳೇ ಪೇಟೆ ಕಡೆ ಸಣ್ಣದೊಂದು ಸಾಣೆ ಅಂಗಡಿ ಇಟ್ಕಂಡಿರೋನು. ಮನೆ ಚಾಕು, ಈಳಿಗೆ, ಟೈಲರ್ ಕತ್ತರಿ, ಮಟನ್ ಅಂಗಡಿ ಮಚ್ಚು, ಮಂಡಕ್ಕಿ ಮೆಣಸಿನಕಾಯಿ ಗಾಡಿಯೋರು ಈರುಳ್ಳಿ ಹೆಚ್ಚೋ ಚಾಕು, ಎಲ್ಲಾ ನನ್ನ ಹತ್ರ ಬರ್ತಾವೆ. ಮೊದ್ಲೇ ಒಂದು ಮಾತು ಹೇಳ್ಬಿಡ್ತೀನಿ, ನಿಮ್ಮಿಂದ ನನಗೇನೂ ನಷ್ಟ ಇಲ್ಲ, ನಿಜ ಹೇಳ್ಬೇಕಂದ್ರೆ ನೀವು ಬೊಂಬೆನ ರಟ್ಟಿಗೆ ಬಿಗಿಯೋ ಆ ತಂತಿ ಇಂದ ನನಗೆ ವ್ಯಾಪಾರನೇ ಆಗ್ತೈತೆ, ಜನ ಅದನ್ನ ಅಡುಗೆಮನೆ ಚಾಕುಲಿ ಕೊಯ್ದು ಚಾಕು ಹಾಳು ಮಾಡ್ಕಂತಾರೆ, ದೀಪಾವಳಿ ಕಳೆದ ಮೇಲೆ, ಬೇಸಿಗೆ ರಜಕ್ಕೆ ನೆಂಟರಿಷ್ಟರು ಬಂದು ಮಕ್ಕಳಿಗೆ ಗಿಫ್ಟ್ ಕೊಟ್ಟು ಹೋದ ಮೇಲೆ ಅಂಗಡಿ ಮುಂದೆ ಚಾಕು ಹಿಡ್ಕಂಡು ಬರೋರು ಜಾಸ್ತಿ. ಆದ್ರೂ ಬರೀತಿದೀನಿ, ಯಾಕಂದ್ರೆ ದಿನಾ ಹೆಚ್ಚಿ ಹೆಚ್ಚಿ ಮೊಂಡಾಗಿ ಬರೋ ಚಾಕು ಬೇರೆ, ಮೊನ್ನೆ ತಗಂಡಿರೋ ಚಾಕುಗೆ ಹಲ್ಲು ಬಿದ್ದು ಬರೋದು ಬೇರೆ. ಮೊದಲ್ನೇದು ನನ್ನ ಕಸುಬು. ಎರಡ್ನೇದು ನೋಡಿದ್ರೆ ಹೊಟ್ಟೆ ಉರಿತೈತೆ.

ಇದು ತಂತಿ ಮಾಡಿದ ಕೆಲಸಾನೇ ಅಂತ ನಿನಗೆ ಹೆಂಗೆ ಗೊತ್ತು ಅಂತ ನೀವು ಕೇಳಬೌದು. ಗೊತ್ತಾಗ್ತೈತೆ ರೀ. ಮೂಳೆಗೆ ಹೊಡೆದ ಚಾಕುಗೆ ಅಂಚು ಅಗಲಕ್ಕೆ ಚೂರುಚೂರಾಗಿ ಎದ್ದಿರ್ತೈತೆ. ಡಬ್ಬಿ ಮುಚ್ಚಳ ಮೀಟಿದ ಚಾಕುಗೆ ತುದಿ ಬಗ್ಗಿರ್ತೈತೆ ಇಲ್ಲ ಮುರಿದಿರ್ತೈತೆ. ಸಿಂಕಲ್ಲಿ ಪಾತ್ರೆ ಜೊತೆ ಒಗೆದ ಚಾಕುಗೆ ಅಲ್ಲಲ್ಲಿ ಗೀರು. ತಂತಿ ಕೊಯ್ದ ಚಾಕು ಮಾತ್ರ ಬೇರೆ ಥರ, ಬಾಯಿ, ಅಂದ್ರೆ ಕೊಯ್ಯೋ ಅಂಚು, ಎಲ್ಲಾ ಕಡೆ ಚೆನ್ನಾಗೇ ಇರ್ತೈತೆ, ಹಿಡಿಯಿಂದ ಎರಡು ಮೂರು ಬೆರಳು ದೂರದಲ್ಲಿ, ಅಂದ್ರೆ ಕೈಗೆ ಜೋರು ಸಿಗೋ ಜಾಗದಲ್ಲೇ, ಅರ್ಧಚಂದ್ರದ ಥರ ಸಣ್ಣ ಸಣ್ಣ ಕಚ್ಚು, ಪಕ್ಕಪಕ್ಕದಲ್ಲೇ ಇರ್ತಾವೆ, ಯಾಕಂದ್ರೆ ಮೊದಲ್ನೇ ತಂತಿ ಕೊಯ್ದ ಜಾಗದಲ್ಲಿ ಮೊಂಡಾಯ್ತು ಅಂತ ಚಾಕು ಚೂರು ಹಿಂದೆ ಸರಿಸಿ ಎರಡ್ನೇ ತಂತಿ ಕೊಯ್ದಿರ್ತಾರೆ, ಆಮೇಲೆ ಮೂರನೇದು. ಬಲ್ಬ್ ಕೆಳಗೆ ಬಾಯಿ ಮೇಲ್ ಮಾಡಿ ಹಿಡಿದ್ರೆ ಆ ಜಾಗ ಎಲ್ಲ ಮಿಣಮಿಣ ಅಂತ ಹೊಳಿತಾವೆ. ಚೂಪಾದ ಬಾಯಿ ಬೆಳಕಿಗೆ ಕಾಣಲ್ಲ, ಹೊಳೆದ್ರೆ ಅಲ್ಲಿ ಬಾಯಿ ಇಲ್ಲ ಅಂತಾನೇ ಲೆಕ್ಕ. ಆಗ ನಾನು ಕೇಳೋದು ಒಂದೇ, "ಅಕ್ಕಾ, ಮನೇಲಿ ಮಗಿನ ಬರ್ತ್‌ಡೇ ಇತ್ತಾ?" ಮುಖ ನೋಡ್ತಾರೆ, ಇವನಿಗೆ ಹೆಂಗೆ ಗೊತ್ತಾಯ್ತು ಅಂತ.

ಅದಾದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು. ಅಷ್ಟು ಸಣ್ಣ ತಂತಿ ಅಣ್ಣ, ಕೈಯಲ್ಲೇ ಬಗ್ಗುತ್ತೆ, ಅದಕ್ಕೆ ಸ್ಟೀಲ್ ಚಾಕು ಹೋಗುತ್ತಾ, ಡೂಪ್ಲಿಕೇಟ್ ಚಾಕು ಕೊಟ್ಟಿದಾನೆ ಅಂಗಡಿಯೋನು. ಅಂಗಡಿಯೋನಿಗೆ ಸುಮ್ನೆ ಬೈಗುಳ. ಚಾಕು ತಪ್ಪೂ ಅಲ್ಲ ಅದು. ಪ್ಲಾಸ್ಟಿಕ್ ಹೊದಿಕೆ ಒಳಗೆ ಇರೋದು ಮೆತ್ತಗಿನ ಕಬ್ಬಿಣದ ತಂತಿ, ಚಾಕು ಉಕ್ಕು ಅದಕ್ಕಿಂತ ಎಷ್ಟೋ ಗಟ್ಟಿ, ಮನೆ ಚಾಕು ಸಾಮಾನ್ಯವಾಗಿ ಲೋಹದ ಗಟ್ಟಿತನ ಅಳೆಯೋ ರಾಕ್‌ವೆಲ್ ಅಳತೇಲಿ 52 ರಿಂದ 58ರ ತನಕ ಬರ್ತೈತೆ, ಅದೂ ನಿಜ. ಆದ್ರೆ ಗಟ್ಟಿತನ ಒಂದನ್ನೇ ಲೆಕ್ಕ ಹಾಕಿದ್ರೆ ಆಗಲ್ಲ, ಎಷ್ಟು ದಪ್ಪ ಐತೆ ಅನ್ನೋದನ್ನೂ ನೋಡ್ಬೇಕು. ಹೊಸದಾಗಿ ಸಾಣೆ ಹಿಡಿದ ಚಾಕು ಬಾಯಿ ತುದೀಲಿ ತಲೆಕೂದಲಿಗಿಂತ ಹತ್ತಾರು ಪಟ್ಟು ತೆಳು. ಟೊಮೇಟೊ, ಬದನೆಕಾಯಿ ಆದ್ರೆ ಬಾಯಿ ಉದ್ದಕ್ಕೂ ಭಾರ ಹಂಚಿ ಹೋಗ್ತೈತೆ. ತಂತಿ ದುಂಡಗೆ ಐತೆ, ಅದು ಬಾಯಿಗೆ ತಾಗೋದು ಒಂದೇ ಬಿಂದುವಲ್ಲಿ, ನೀವು ತೋಳು ಬಲ ಎಲ್ಲಾ ಹಾಕಿ ಎತ್ತಿದ್ದು ಆ ಒಂದು ಬಿಂದು ಮೇಲೇ ಬೀಳ್ತೈತೆ. ಅದೂ ನೆಟ್ಟಗೆ ಎತ್ತಿದ್ರೆ ಹೋಗ್ಲಿ ಅನ್ನಬೌದು, ತಂತಿ ಕೊಯ್ಯೋರು ಯಾರೂ ನೆಟ್ಟಗೆ ಎತ್ತಲ್ಲ, ಚಾಕುನ ತಂತಿ ಕೆಳಗೆ ತೂರಿಸಿ, ಆಗಲಿಲ್ಲ ಅಂದ್ರೆ ಎಡಕ್ಕೆ ಬಲಕ್ಕೆ ತಿರುಚಿ, ಮೀಟಿ, ಜಗ್ಗಿ. ಬಾಯಿ ಇರೋದು ನೆಟ್ಟಗಿನ ಭಾರ ತಡ್ಯಕ್ಕೆ, ಅಡ್ಡ ತಿರುಚಿದ್ರೆ ತಡಿಯಲ್ಲ.

ನನ್ನ ಮಗಳು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದ್ತಾಳೆ, ಅವಳು ಒಂದು ವಿಷಯ ಓದಿ ಹೇಳಿದ್ಲು, ಕೇಳಿ ನನಗೆ ಭಾರೀ ಸಮಾಧಾನ ಆಯ್ತು. ಅಮೆರಿಕದ ಎಂಐಟಿ ಅನ್ನೋ ತಂತ್ರಜ್ಞಾನ ವಿಶ್ವವಿದ್ಯಾಲಯದೋರು 2020ರಲ್ಲಿ ಸೈನ್ಸ್ ಪತ್ರಿಕೇಲಿ ಹಾಕಿದಾರಂತೆ, ಗಡ್ಡ ಕೆರೆಯೋ ರೇಜರ್ ಬ್ಲೇಡ್ ಹೆಂಗೆ ಹಾಳಾಗ್ತೈತೆ ಅಂತ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಇಟ್ಟು ನೋಡಿದಾರೆ. ಕೂದಲು ಬ್ಲೇಡಿಗಿಂತ ಸುಮಾರು 50 ಪಟ್ಟು ಮೆತ್ತಗೆ, ಆದ್ರೂ ಬ್ಲೇಡ್ ಅಂಚು ಚೂರಾಗಿ ಎದ್ದು ಹೋಗ್ತೈತೆ, ಅದೂ ಕೂದಲು ಓರೆಯಾಗಿ ಬಗ್ಗಿ ಅಂಚಿಗೆ ಪಕ್ಕದಿಂದ ಒತ್ತಿದಾಗ. ಕೂದಲಿಗೇ ಹಿಂಗೆ ಅಂದ್ರೆ ನಿಮ್ಮ ತಂತಿ ಏನ್ ಮಾಡಲ್ಲ ಹೇಳ್ರಿ.

ಇನ್ನು ಹಲ್ಲು ಬಿದ್ದ ಚಾಕು ನನ್ನ ಕೈಗೆ ಬಂದ ಮೇಲೆ ಏನಾಗ್ತೈತೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಿಮ್ಮ ಆಫೀಸಲ್ಲಿ ಕೂತವ್ರಿಗೆ ಇದು ಗೊತ್ತಿರಕ್ಕಿಲ್ಲ. ತಂತಿ ಏಟು ಎರಡು ಥರ. ಸಾದಾ ಸ್ಟೇನ್‌ಲೆಸ್ ಚಾಕು, ಸ್ವಲ್ಪ ಮೆತ್ತಗಿರೋದು, ಅದರ ಬಾಯಿ ಒಂದು ಪಕ್ಕಕ್ಕೆ ಮಡಚಿಕೊಳ್ತೈತೆ. ಇದು ಪರವಾಗಿಲ್ಲ, ಉಕ್ಕು ಎಲ್ಲೂ ಹೋಗಿರಲ್ಲ, ಬರೀ ಬಗ್ಗಿರ್ತೈತೆ, ಉಕ್ಕಿನ ಕಡ್ಡಿಗೆ ಇಲ್ಲ ನುಣುಪು ಕಲ್ಲಿಗೆ ಹಗುರಕ್ಕೆ ಉಜ್ಜಿ ನೆಟ್ಟಗೆ ನಿಲ್ಲಿಸಬೌದು. ಈಗ ಆನ್‌ಲೈನಲ್ಲಿ ತರಿಸ್ಕಳೋ ದುಬಾರಿ ಚಾಕು, ಜಪಾನ್ ಮಾಡೆಲ್ಲು ಅಂತಾರಲ್ಲ ಗಟ್ಟಿ ಉಕ್ಕಿಂದು, ಅವು ಮಡಚಲ್ಲ, ಚಿಪ್ ಎದ್ದು ಹೋಗ್ತಾವೆ. ಎದ್ದು ಹೋದ ಚೂರನ್ನ ಯಾವ ಸಾಣೆಯೋನೂ ವಾಪಸ್ ಅಂಟಿಸಕ್ಕಾಗಲ್ಲ. ಒಂದು ಕಡೆ ಅರ್ಧ ಮಿಲಿಮೀಟರ್ ಆಳದ ಕಚ್ಚು ಬಿದ್ದಿದ್ರೆ ಆ ಒಂದು ಕಚ್ಚಿಗೋಸ್ಕರ ಇಡೀ ಬಾಯಿನ, ತುದಿಯಿಂದ ಬುಡದ ತನಕ, ಅರ್ಧ ಮಿಲಿಮೀಟರ್ ಸವೆಸಿ ಕೆಳಗಿಳಿಸ್ಬೇಕು, ಇಲ್ಲಂದ್ರೆ ಬಾಯಿ ಗುಂಡಿ ಬಿದ್ದ ರೋಡ್ ಥರ ಆಗಿ ಹೆಚ್ಚೋ ಮಣೆ ಮೇಲೆ ಕೊತ್ತಂಬರಿ ಕಟ್ ಆಗದೆ ದಾರ ದಾರ ಹಂಗೇ ಉಳಿತೈತೆ. ಅರ್ಧ ಮಿಲಿಮೀಟರ್ ಏನು ಮಹಾ ಅನ್ನಬ್ಯಾಡ್ರಿ, ದಿನಾ ಅಡುಗೆ ಮಾಡೋ ಮನೇಲಿ ಚಾಕು ಅಷ್ಟು ಸವೆಯಕ್ಕೆ ವರ್ಷಗಳೇ ಬೇಕು. ಅದನ್ನ ಒಂದು ಆಟದ ಕಾರಿಗೋಸ್ಕರ ಒಂದು ಸಂಜೇಲಿ ಕಳ್ಕಂಡಿರ್ತಾರೆ. ಜೊತೆಗೆ ಚಾಕು ಅಲಗು ಮೇಲೆ ಹೋದಂಗೆಲ್ಲ ದಪ್ಪ, ಬಾಯಿ ಕೆಳಗಿಳಿಸಿದ್ರೆ ದಪ್ಪ ಜಾಗಕ್ಕೆ ಬರ್ತೀವಿ, ಆಮೇಲೆ ಪಕ್ಕಾನೂ ಸವೆಸಿ ತೆಳು ಮಾಡ್ಬೇಕು, ಅದನ್ನ ಮಾಡಲಿಲ್ಲ ಅಂದ್ರೆ ಚಾಕು ಚೂಪೂ ಇರ್ತೈತೆ, ಆದ್ರೂ ಕ್ಯಾರೆಟ್ ಹೆಚ್ಚೋವಾಗ ಸೀಳ್ತೈತೆ, ಇದು ಬಹಳ ಜನಕ್ಕೆ ಅರ್ಥ ಆಗಲ್ಲ. ಚಕ್ರಕ್ಕೆ ಅವಸರದಲ್ಲಿ ಒತ್ತಿ ಹಿಡಿಯೋರು ಇನ್ನೊಂದು ಅನಾಹುತ ಮಾಡ್ತಾರೆ, ಬಾಯಿ ಕಾದು ನೀಲಿಗಟ್ಟಿ ಹದ ಹೋಗ್ತೈತೆ, ಹದ ಹೋದ ಚಾಕುಗೆ ಎಷ್ಟು ಸಾಣೆ ಹಿಡಿದ್ರೂ ನಾಕು ದಿನಕ್ಕೆ ಮತ್ತೆ ಮೊಂಡು. ಸಾಣೆ ಹಿಡಿಸೋವಾಗ ನೀರಲ್ಲಿ ಅದ್ದಿ ಅದ್ದಿ ಹಿಡಿತಾನಾ ಅಂತ ನೋಡ್ಕಳ್ರಿ, ಇದು ಎಲ್ಲರಿಗೂ ಹೇಳೋ ಮಾತು.

ಮೊಂಡು ಚಾಕು ಇದ್ರೆ ಏನೀಗ, ಅಡ್ಜಸ್ಟ್ ಮಾಡ್ಕಂತಾರೆ ಅಂತೀರೇನೋ. ಈರುಳ್ಳಿ ಹೆಚ್ಚಿ ನೋಡ್ರಿ ಸಾಹೇಬ್ರೆ. ಚೂಪು ಚಾಕು ಈರುಳ್ಳಿನ ಕೊಯ್ತೈತೆ, ಮೊಂಡು ಚಾಕು ಜಜ್ತೈತೆ, ಜಜ್ಜಿದಷ್ಟೂ ಕಣ್ಣುರಿ ಜಾಸ್ತಿ. ಜಗಳೂರು ಚಳ್ಳಕೆರೆ ಕಡೆ ಈರುಳ್ಳಿ ಬೆಳೆಯೋ ಸೀಮೆ ನಮ್ದು, ಬೆಳಗ್ಗೆ ಎದ್ದರೆ ಈರುಳ್ಳಿ, ಮಂಡಕ್ಕಿಗೆ ಈರುಳ್ಳಿ, ಮೆಣಸಿನಕಾಯಿ ಬಜ್ಜಿ ಪಕ್ಕಕ್ಕೆ ಈರುಳ್ಳಿ. ನನ್ನ ಹತ್ರ ಬರೋ ಮಂಡಕ್ಕಿ ಗಾಡಿ ಅಣ್ಣನ ಚಾಕು ಅವನ ಹೊಟ್ಟೆಪಾಡು, ಅದನ್ನ ಮನೇಲಿ ಮಗ ಒಂದು ರೋಬೋಟ್‌ನ ಡಬ್ಬಿಯಿಂದ ಬಿಡಿಸಕ್ಕೆ ತಗಂಡಿದ್ದ, ಸಂಜೆ ಗಾಡಿ ಹತ್ರ ರಶ್ ಇರೋವಾಗ ಈರುಳ್ಳಿ ಸಣ್ಣಗೆ ಬರದೆ ಅವನು ನನಗೆ ಫೋನ್ ಮಾಡಿ ಬೈದ, ನಾನೇನು ಮಾಡಿದ್ದೆ ಹೇಳ್ರಿ ಪಾಪ.

ಕತ್ತರಿ ಕಥೆ ಇನ್ನೂ ಕೆಟ್ಟದು. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ಇದು, ಹತ್ತಿ ಮಿಲ್ ಕಾಲ ಮುಗೀತು ಆದ್ರೂ ಹೊಲಿಗೆ ಕೆಲಸ ಮನೆಮನೇಲಿ ಐತೆ, ಮೀರತ್ ಕತ್ತರಿ ಒಂದು ಇದ್ದೇ ಇರ್ತೈತೆ. ಕತ್ತರಿ ಕೆಲಸ ಮಾಡೋದು ಎರಡು ಅಲಗು ಒಂದಕ್ಕೊಂದು ಸವರಿಕೊಂಡು ಹೋಗೋದ್ರಿಂದ. ಮಧ್ಯ ತಂತಿ ಸಿಕ್ಕಿದ್ರೆ ಅಲಗು ಎರಡೂ ದೂರ ಸರಿತಾವೆ, ತಂತಿ ಆ ಸಂದೀಲಿ ಮಲಗ್ತೈತೆ, ನಡುವಿನ ತಿರುಪು ಸಡಿಲ ಆಗ್ತೈತೆ, ಇನ್ನೂ ಜೋರಾಗಿ ಒತ್ತಿದ್ರೆ ಎರಡು ಅಲಗಿಗೂ ಒಂದೇ ಜಾಗದಲ್ಲಿ ಕಚ್ಚು. ಆಮೇಲೆ ಬ್ಲೌಸ್ ಪೀಸ್ ಕಟ್ ಮಾಡೋವಾಗ ಸರ್ರನೆ ಹೋಗ್ತಿದ್ದ ಕತ್ತರಿ ಅದೇ ಜಾಗಕ್ಕೆ ಬಂದು ಬಟ್ಟೆ ನುಂಗಿ ಹಿಡಿತೈತೆ, ರೇಷ್ಮೆ ಆದ್ರೆ ಎಳೆ ಕಿತ್ತು ಬರ್ತೈತೆ. ನಮ್ಮ ಓಣಿ ಟೈಲರಕ್ಕ ಕತ್ತರಿನ ಬೀಗ ಹಾಕಿ ಇಡ್ತಾಳೆ ಈಗ, ಮಷೀನ್ ಹೊರಗೆ, ಕತ್ತರಿ ಬೀರು ಒಳಗೆ!

ಚಾಕು ಕತ್ತರಿ ಬಿಡ್ರಿ, ಕೈ ವಿಷಯಕ್ಕೆ ಬರ್ತೀನಿ. ತಂತಿ ಕೆಳಗೆ ಚಾಕು ತೂರಿಸಿದಾಗ ಬಾಯಿ ಮೇಲಕ್ಕೆ ಇರ್ತೈತೆ, ಇನ್ನೊಂದು ಕೈ ಡಬ್ಬಿ ಹಿಡಿದಿರ್ತೈತೆ, ಪಕ್ಕದಲ್ಲಿ ಮಗು ಕುಣಿತಿರ್ತೈತೆ "ಅಪ್ಪಾ ಬೇಗ ಅಪ್ಪಾ ಬೇಗ" ಅಂತ. ತಂತಿ ಟಪ್ ಅಂತ ತುಂಡಾದ ಕ್ಷಣ ಚಾಕು ಎಲ್ಲಿಗೆ ಹೋಗ್ತೈತೆ ಅನ್ನೋದು ಯಾರ ಕೈಲೂ ಇಲ್ಲ. ಇಷ್ಟೇ ಅಲ್ಲ. ತಂತಿನ ಬಿಚ್ಚಿದ್ರೆ ಒಂದೇ ತುಂಡಾಗಿ ಕೈಗೆ ಬರ್ತೈತೆ, ಕೊಯ್ದರೆ ಎರಡು ಮೂರು ತುಂಡು, ಒಂದೊಂದು ಕಿರುಬೆರಳ ಉಗುರಷ್ಟು, ತುದೀಲಿ ಮೊನೆ, ಟೈಲ್ಸ್ ಮೇಲೆ ಬಿದ್ದು ಸೋಫಾ ಕೆಳಗೆ ಹೋಗ್ತಾವೆ. ನೀವು ಡಬ್ಬಿ ಮೇಲೆ ಹಾಕ್ತೀರಲ್ಲ, 3 ವರ್ಷದೊಳಗಿನ ಮಕ್ಕಳಿಗೆ ಅಲ್ಲ, ಸಣ್ಣ ಭಾಗಗಳಿದಾವೆ ಅಂತ. ಆಟಿಕೆಯಿಂದ ಏನಾದ್ರೂ ಕಳಚಿ ಬಂದ್ರೆ ಅದನ್ನ 31.7 ಮಿಲಿಮೀಟರ್ ಅಡ್ಡಗಲದ ಒಂದು ಕೊಳವೆ ಒಳಗೆ ಹಾಕಿ ನೋಡ್ತಾರೆ, ಅದರೊಳಗೆ ಪೂರ್ತಿ ಕೂತರೆ ಅದು ಮಗು ಗಂಟಲಿಗೆ ಹೋಗೋ ಸಣ್ಣ ಭಾಗ ಅಂತ ಲೆಕ್ಕ. ಆ ಕೊಳವೆ ಒಳಗೆ ನಿಮ್ಮ ತಂತಿ ತುಂಡು ಒಂದಲ್ಲ, ಒಂದು ಹಿಡಿ ಕೂರ್ತಾವೆ. ದೊಡ್ಡ ಮಗನಿಗೆ ತಂದ ಕಾರು, ಅಂಬೆಗಾಲಿಡೋ ಸಣ್ಣ ಮಗು ಅದೇ ನೆಲದಲ್ಲಿ, ಅದಕ್ಕೆ ಸಿಕ್ಕಿದ್ದೆಲ್ಲ ಬಾಯಿಗೆ. ಬೊಂಬೆ ಕಣ್ಣು ಕಿತ್ತು ಬರ್ತೈತಾ ಅಂತ ಜಗ್ಗಿ ಟೆಸ್ಟ್ ಮಾಡೋ ನೀವು ಬೊಂಬೆನ ಹೊರಗೆ ತೆಗೆಯೋವಾಗ ಏನೇನು ಉದುರ್ತೈತೆ ಅಂತ ನೋಡಿದ್ದೀರಾ?

ಯಾಕೆ ಕಟ್ತೀರಿ ಅನ್ನೋದು ನನಗೆ ಗೊತ್ತಾಗದೇ ಇರೋ ವಿಷಯ ಅಲ್ಲ. ಲಾರೀಲಿ ನೂರಾರು ಮೈಲಿ ಬರ್ಬೇಕು, ಒಳಗೆ ಅಲ್ಲಾಡಿದ್ರೆ ಬಣ್ಣ ಉಜ್ತೈತೆ. ಪಾರದರ್ಶಕ ಕಿಟಕೀಲಿ ಗೊಂಬೆ ಕೈ ಎತ್ತಿ ನಿಂತಂಗೆ ಕಾಣ್ಬೇಕು, ಜಾರಿ ತಲೆಕೆಳಗಾಗಿದ್ರೆ ಯಾರೂ ತಗಳಲ್ಲ. ಅಂಗಡೀಲಿ ಸಣ್ಣ ಸಾಮಾನು ಯಾರೋ ಜೇಬಿಗೆ ಹಾಕ್ಕಂಡು ಹೋಗಬಾರ್ದು. ಒಪ್ಪಿದೆ, ನ್ಯಾಯ ಐತೆ. ಆದ್ರೆ ಕಟ್ಟಿದ ಮೇಲೆ ಅದರ ತಿರುಚನ್ನ ರಟ್ಟಿನ ಹಿಂದಕ್ಕೆ ಯಾಕೆ ಬಚ್ಚಿಡ್ತೀರಿ, ಬಚ್ಚಿಟ್ಟ ಮೇಲೆ ಅದರ ಮೇಲೊಂದು ಟೇಪ್ ಯಾಕೆ, ಟೇಪ್ ಆದ ಮೇಲೆ ಇನ್ನೊಂದು ರಟ್ಟು ಅಂಟಿಸಿ ಮುಚ್ಚೋದು ಯಾಕೆ, ಬಾಲ ಬೆರಳಿಗೆ ಸಿಗದಂಗೆ ಚೋಟುದ್ದ ಯಾಕೆ ಬಿಡ್ತೀರಿ? ಮುಂದುಗಡೆಯಿಂದ ನೋಡಿದೋರಿಗೆ ಕಾಣೋದು ಗೊಂಬೆ ಸೊಂಟದ ಸುತ್ತ ಒಂದು ತಂತಿ ಅಷ್ಟೇ, ಅದು ಹಿಂದೆ ಬಿಚ್ಚೋಕೆ ಬರ್ತೈತೆ ಅಂತ ಯಾರಿಗೆ ಗೊತ್ತಾಗ್ಬೇಕು, ಸೀದಾ ಅಡುಗೆಮನೆಗೆ ಹೋಗಿ ಚಾಕು ತರ್ತಾರೆ. ಡಬ್ಬಿ ಮೇಲೆ ಎಂಆರ್‌ಪಿ ಐತೆ, ತಯಾರಾದ ತಿಂಗಳು ವರ್ಷ ಐತೆ, ಕಂಪನಿ ವಿಳಾಸ ಐತೆ, ಕಸ್ಟಮರ್ ಕೇರ್ ನಂಬರ್ ಐತೆ, ಲೈಸೆನ್ಸ್ ನಂಬರ್ ಐತೆ, ಇದೇ ಥರದ ಇನ್ನೂ ಆರು ಗೊಂಬೆ ತಗಳ್ರಿ ಅಂತ ಆರು ಫೋಟೋ ಐತೆ. ಹೆಂಗೆ ಬಿಚ್ಚೋದು ಅಂತ ಒಂದು ಸಣ್ಣ ಚಿತ್ರಕ್ಕೆ ಜಾಗ ಇಲ್ಲ. ಅಂದ್ರೆ ಕಟ್ಟೋ ಖರ್ಚು ನಿಮ್ದು, ಅದು ಪೈಸೆ ಲೆಕ್ಕದ್ದು, ಬಿಚ್ಚೋ ಖರ್ಚು ನಮ್ದು, ಅದು ಚಾಕು ಲೆಕ್ಕದ್ದು.

ಆಗಲ್ಲ ಅಂತ ಮಾತ್ರ ಹೇಳಬ್ಯಾಡ್ರಿ. ಅಮೆಜಾನ್‌ನೋರು 2008ರ ನವೆಂಬರಲ್ಲೇ ಫ್ರಸ್ಟ್ರೇಶನ್ ಫ್ರೀ ಪ್ಯಾಕೇಜಿಂಗ್ ಅಂತ ಶುರು ಮಾಡಿದ್ರು, ಕೈಯಲ್ಲೇ ತೆಗೆಯೋ ಸಾದಾ ರಟ್ಟಿನ ಡಬ್ಬಿ. ಮೊದ್ಲು ಅದಕ್ಕೆ ಸೇರಿದ ಸಾಮಾನಲ್ಲಿ ಫಿಶರ್ ಪ್ರೈಸ್ ಅನ್ನೋ ಆಟಿಕೆ ಕಂಪನಿಯ ಒಂದು ಕಡಲ್ಗಳ್ಳರ ಹಡಗು ಇತ್ತು, ಹಳೇ ಡಬ್ಬೀಲಿ ಅದಕ್ಕೆ ಸುತ್ತಿದ್ದ ಪ್ಲಾಸ್ಟಿಕ್ ಹೊದಿಕೆ ತಂತಿ ಎಷ್ಟು ಗೊತ್ತಾ, 36 ಇಂಚು, ಅಂದ್ರೆ ಮೂರು ಅಡಿ, ಒಂದು ಆಟದ ಹಡಗಿಗೆ! ಅಷ್ಟನ್ನೂ ತೆಗೆದು ಹಾಕಿದ್ರು, ಹಡಗು ಏನೂ ಮುಳುಗಲಿಲ್ಲ. ಹ್ಯಾಸ್ಬ್ರೋ ಅನ್ನೋ ಆಟಿಕೆ ಕಂಪನಿ 2010ರಿಂದ ತಂತಿ ಬದಲು ಕಾಗದದ ಹುರಿ, ಬಿದಿರು ನಾರು ಸೇರಿಸಿದ ಕಟ್ಟು ಹಾಕಕ್ಕೆ ಶುರು ಮಾಡ್ತು. ಕಾಗದದ ಹುರಿನ ಚಾಕುಲಿ ಕೊಯ್ದರೂ ಬಾಯಿಗೆ ಏನಾಗಲ್ಲ, ಕತ್ತರೀಲಿ ಕಟ್ ಮಾಡಿದ್ರೂ ಆಗಲ್ಲ, ನೆಲಕ್ಕೆ ಬಿದ್ರೆ ಗುಡಿಸಿ ಕಸಕ್ಕೆ ಹಾಕಬೌದು. ಪ್ಲಾಸ್ಟಿಕ್ ಹೊದಿಕೆ ತಂತಿನ ನಮ್ಮ ಗುಜರಿಯೋನೂ ತಗಳಲ್ಲ, ಕಬ್ಬಿಣದ ಜೊತೆಗೂ ಸೇರಲ್ಲ ಪ್ಲಾಸ್ಟಿಕ್ ಜೊತೆಗೂ ಸೇರಲ್ಲ ಅಂತಾನೆ. ಇಷ್ಟು ವರ್ಷ ಆದ ಮೇಲೂ ನಮ್ಮೂರ ಅಂಗಡೀಲಿ ಸಿಗೋ ಡಬ್ಬಿಗಳಲ್ಲಿ ಅದೇ ತಂತಿ ಯಾಕೆ ಬರ್ತೈತೆ ಅಂತ ಯಾರಾದ್ರೂ ಉತ್ತರ ಕೊಡ್ರಿ.

ರಟ್ಟನ್ನೇ ಮಡಚಿ ಕಿವಿ ಥರ ಮಾಡಿ ಅದರೊಳಗೆ ಗೊಂಬೆ ಕಾಲು ಸಿಗಿಸಬೌದು, ಇದಕ್ಕೆ ತಂತೀನೂ ಬೇಡ ಹುರೀನೂ ಬೇಡ. ನಮ್ಮ ದುಗ್ಗಮ್ಮನ ಜಾತ್ರೇಲಿ ಎರಡು ವರ್ಷಕ್ಕೊಮ್ಮೆ ರಾಶಿ ರಾಶಿ ಆಟಿಕೆ ಮಾರ್ತಾರೆ, ಬುಟ್ಟೀಲಿ ಬಿಡಿಬಿಡಿ ಇಟ್ಟಿರ್ತಾರೆ, ಮಕ್ಕಳು ಮುಟ್ಟಿ ನೋಡಿ ತಗತಾವೆ. ಹಂಗಂತ ಜಾತ್ರೆ ಮಾಲೇ ಒಳ್ಳೇದು ಅಂತ ನಾನು ಹೇಳ್ತಿಲ್ಲ, ಅದರ ಬಣ್ಣದಲ್ಲಿ ಏನಿರ್ತೈತೋ ಆ ತಾಯಿಗೇ ಗೊತ್ತು, ಐಎಸ್‌ಐ ಮಾರ್ಕು ಇರೋದನ್ನೇ ತಗಳ್ರಿ. ಆದ್ರೆ ಮಾರ್ಕು ಇರೋ ಡಬ್ಬಿ ಮನೇಲಿ ಒಂದು ಗುದ್ದಾಟ ಇಲ್ಲದೆ ತೆಗೆಯಂಗೆ ಇರ್ಬೇಕು ಅನ್ನೋದು ಅತಿ ಆಸೆ ಏನಲ್ಲ. ಹೊಸಪೇಟೆ ದಾಟಿದ್ರೆ ಕೊಪ್ಪಳ, ಅಲ್ಲಿ ಭಾನಾಪುರದ ಹತ್ರ ಆಟಿಕೆ ಕ್ಲಸ್ಟರ್ ಬಂದೈತೆ, ದೊಡ್ಡ ದೊಡ್ಡ ಕಂಪನಿಗೆ ಇಲ್ಲಿಂದನೇ ಮಾಲು ಮಾಡೋ ಯೋಜನೆ. ಅದೇ ಕೊಪ್ಪಳದ ಕಿನ್ನಾಳ ಗೊಂಬೆ, ಇತ್ಲಾಗೆ ಚನ್ನಪಟ್ಟಣದ ಗೊಂಬೆ, ತಂತಿ ಕಾಣದೇ ಇಷ್ಟು ವರ್ಷ ಊರೂರಿಗೆ ಹೋಗಿದಾವೆ. ಹೊಸ ಕಾರ್ಖಾನೆಯೋರು ಡಬ್ಬಿ ಡಿಸೈನ್ ಮಾಡೋವಾಗ್ಲೇ ಇದನ್ನ ತಲೇಲಿ ಇಟ್ಕಂಡ್ರೆ ಆಮೇಲೆ ಬದಲಾಯಿಸೋ ತಲೆನೋವು ಇರಲ್ಲ.

ಬಿಐಎಸ್‌ನೋರಿಗೆ ಬೇರೆ ಹೇಳ್ತೀನಿ. 2021 ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಮಾರ್ಕು ಕಡ್ಡಾಯ ಆಯ್ತು, ಅದಕ್ಕೆ ಕೈ ಮುಗಿತೀನಿ, ಕಳಪೆ ಮಾಲು ಎಷ್ಟೋ ಕಡಿಮೆ ಆಯ್ತು. ಐಎಸ್ 9873 ಅನ್ನೋ ಆಟಿಕೆ ಸುರಕ್ಷತೆ ಮಾನದಂಡದಲ್ಲಿ ಆಟಿಕೆಯ ಮೊನೆ ಚುಚ್ಚಬಾರ್ದು, ಅಂಚು ಕೊಯ್ಯಬಾರ್ದು, ಜೊತೆಗೆ ಬರೋ ತೆಳು ಪ್ಲಾಸ್ಟಿಕ್ ಹಾಳೆ ಮಗುವಿನ ಮುಖಕ್ಕೆ ಅಂಟಿ ಉಸಿರು ಕಟ್ಟಬಾರ್ದು, ಇದಕ್ಕೆಲ್ಲ ಅಳತೆ ಐತೆ. ಅಂದ್ರೆ ಡಬ್ಬಿ ಒಳಗಿನ ಪ್ಲಾಸ್ಟಿಕ್ ಕೂಡ ನಿಮ್ಮ ಲೆಕ್ಕಕ್ಕೆ ಬರ್ತೈತೆ, ಅಲ್ವಾ? ಹಂಗಿದ್ಮೇಲೆ ಕಟ್ಟಿರೋ ತಂತಿನೂ ಅದೇ ಲೆಕ್ಕಕ್ಕೆ ತಗಳ್ರಿ. ದೊಡ್ಡ ಕಾನೂನು ಬೇಡ. ಉಪಕರಣ ಇಲ್ಲದೆ ಒಬ್ಬ ದೊಡ್ಡೋರು ಬರಿಗೈಲಿ ಆಟಿಕೆನ ಹೊರಗೆ ತೆಗೆಯಂಗಿರ್ಬೇಕು, ಲೋಹದ ಕಟ್ಟು ಹಾಕಿದ್ರೆ ಅದರ ತಿರುಚು ಕಣ್ಣಿಗೆ ಕಾಣೋ ಕಡೆ ಇರ್ಬೇಕು, ಹೆಂಗೆ ಬಿಚ್ಚೋದು ಅಂತ ಚಿತ್ರ ಇರ್ಬೇಕು, ಓದಕ್ಕೆ ಬರದ ಅಜ್ಜಿಗೂ ಅರ್ಥ ಆಗೋ ಚಿತ್ರ. ಟೆಸ್ಟ್ ಮಾಡೋದು ಹೆಂಗೆ ಅಂತ ಕೇಳಿದ್ರೆ, ಒಂದು ಡಬ್ಬಿ ತಗಂಡು ಒಬ್ಬರು ಅಜ್ಜನ ಕೈಗೆ ಕೊಡ್ರಿ, ಪಕ್ಕದಲ್ಲಿ ಮೊಮ್ಮಗನ್ನ ನಿಲ್ಲಿಸ್ರಿ, ಅಷ್ಟೇ.

ಇದೆಲ್ಲಾ ಆಗೋ ತನಕ ನಮ್ಮೂರೋರು ಏನ್ ಮಾಡ್ಬೇಕು ಅಂದ್ರೆ, ಮೊದ್ಲು ಡಬ್ಬಿನ ತಿರುಗಿಸಿ ಹಿಂದುಗಡೆ ನೋಡ್ರಿ. ಮುಂದಿನ ಕಿಟಕಿ ಕಡೆಯಿಂದ ಕೈ ಹಾಕಬ್ಯಾಡ್ರಿ, ಡಬ್ಬಿ ಪಕ್ಕದ ಮಡಿಕೆ ಬಿಚ್ಚಿ ಒಳಗಿನ ರಟ್ಟನ್ನ ಗೊಂಬೆ ಸಮೇತ ಹೊರಗೆ ಎಳೆದು ಮಗುಚಿ ಹಾಕ್ರಿ, ಟೇಪ್ ಇದ್ರೆ ಉಗುರಲ್ಲಿ ಎಬ್ಬಿಸಿ ಕೀಳ್ರಿ. ಅಲ್ಲಿ ತಿರುಚು ಕಾಣ್ತೈತೆ. ಅರ್ಧ ಸುತ್ತು ತಿರುಗಿಸಿ ನೋಡ್ರಿ, ಬಿಗಿ ಆಯ್ತು ಅಂದ್ರೆ ಇನ್ನೊಂದು ಕಡೆಗೆ. ಬಾಲ ಸಿಗ್ತಿಲ್ಲ ಅಂದ್ರೆ ಒಂದು ಇಕ್ಕಳ ಸಾಕು. ಕೊಯ್ಯಲೇಬೇಕು ಅಂದ್ರೆ ಕಟ್ಟಿಂಗ್ ಪ್ಲೇಯರ್ ಇಟ್ಕಳ್ರಿ, ಎಲೆಕ್ಟ್ರಿಷಿಯನ್ ಹತ್ರ ಇರ್ತೈತಲ್ಲ ಅದು, ಅದರ ಬಾಯಿ ದಪ್ಪ, ಎರಡೂ ಕಡೆಯಿಂದ ಒಂದೇ ನೇರಕ್ಕೆ ಕಚ್ಚಿ ತಂತಿನ ಹಿಸುಕಿ ತುಂಡು ಮಾಡ್ತೈತೆ, ಅದನ್ನ ಮಾಡಿರೋದೇ ತಂತಿಗೆ. ತಂತಿ ಸಣ್ಣದಿದ್ರೆ ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸ್ತಾ ಇದ್ರೆ ತಾನೇ ದಣಿದು ಮುರಿತೈತೆ. ಗೊಂಬೆ ಕೂದಲಿಗೆ ಹೊಲಿದಿರ್ತಾರಲ್ಲ ಪ್ಲಾಸ್ಟಿಕ್ ದಾರ, ಬಟ್ಟೆ ಅಂಗಡಿ ಬೆಲೆ ಚೀಟಿಗೆ ಹಾಕೋ ಥರದ್ದು, ಅದಕ್ಕೆ ನೇಲ್ ಕಟರ್ ಸಾಕು. ಕೇಬಲ್ ಟೈ ಇದ್ರೆ ಅದರ ತಲೇಲಿರೋ ಸಣ್ಣ ನಾಲಿಗೆನ ಪಿನ್ನಲ್ಲಿ ಒತ್ತಿ ಹಿಡಿದು ಎಳೆದ್ರೆ ಬಿಚ್ಚಿಕೊಳ್ತೈತೆ. ರಟ್ಟು, ಟೇಪ್ ಕೊಯ್ಯಕ್ಕೆ ಸ್ಟೇಷನರಿ ಕಟರ್ ಆಗ್ತೈತೆ, ತಂತಿಗೆ ಮಾತ್ರ ಅದನ್ನ ಹಚ್ಚಬ್ಯಾಡ್ರಿ, ಆ ಬ್ಲೇಡು ಗಾಜಿನಂಗೆ ಪಟ್ ಅಂತ ಮುರಿದು ಕಣ್ಣಿಗೆ ಹಾರ್ತೈತೆ. ಈಳಿಗೆಗೆ ಉಜ್ಜೋ ಅಮ್ಮಂದಿರೂ ಇದಾರೆ, ಕಾಲಲ್ಲಿ ಮಣೆ ಒತ್ತಿ ಹಿಡಿದು ಡಬ್ಬಿನೇ ಈಳಿಗೆ ಮೇಲೆ ಎಳೀತಾರೆ, ಬ್ಯಾಡ್ರಿ ಅಮ್ಮಾ. ಎಲ್ಲಾ ಮುಗಿದ ಮೇಲೆ ಒಂದು ಅಯಸ್ಕಾಂತ, ಹಳೇ ಸ್ಪೀಕರಿಂದು ಆದ್ರೂ ಸರಿ, ನೆಲದ ಮೇಲೆ ಆಡಿಸ್ರಿ, ತಂತಿ ತುಂಡು ಕಬ್ಬಿಣದ್ದು, ಬಂದು ಅಂಟ್ತಾವೆ.

ಆಟಿಕೆ ಅಂಗಡಿಯೋರಿಗೂ ಒಂದು ಮಾತು. ಮೊಬೈಲ್ ಅಂಗಡೀಲಿ ಸ್ಕ್ರೀನ್ ಗಾರ್ಡ್ ಹಾಕಿ ಕೊಡ್ತಾರೆ, ಚಪ್ಪಲಿ ಅಂಗಡೀಲಿ ತೂತು ಹೊಡೆದು ಕೊಡ್ತಾರೆ. ಕೌಂಟರ್ ಮೇಲೆ ಒಂದು ಪ್ಲೇಯರ್ ಇಟ್ಕಂಡು "ಬಿಚ್ಚಿ ಕೊಡ್ಲಾ" ಅಂತ ಕೇಳಿದ್ರೆ ನಿಮ್ಮ ಗಂಟೇನು ಹೋಗಲ್ಲ, ಪಾರ್ಸೆಲ್ ಗಿಫ್ಟ್ ಆದ್ರೆ ಬ್ಯಾಡ, ಮನೆಗೆ ತಗಂಡು ಹೋಗೋರಿಗೆ. ಗಿರಾಕಿ ಚಾಕು ಹಾಳಾಯ್ತು, ಕೈ ಕೊಯ್ಕಂಡ್ರು ಅಂದ್ರೆ ದೂರು ಕೊಡಕ್ಕೆ 1915 ಅಂತ ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ ಐತೆ, ಜನ ಫೋನ್ ಮಾಡ್ರಿ, ಡಬ್ಬಿ ಮೇಲಿನ ಕಸ್ಟಮರ್ ಕೇರ್‌ಗೂ ಮಾಡ್ರಿ. ಚಾಕು ಹಾಳಾಗಿದ್ದನ್ನ ಆಟಿಕೆ ಕಂಪನಿಗೆ ಹೇಳ್ಬೇಕು ಅಂತ ಯಾರಿಗೂ ಹೊಳಿಯಲ್ಲ, ಹೇಳ್ದೇ ಇದ್ರೆ ಅವರಿಗೂ ಗೊತ್ತಾಗಲ್ಲ, ಅವರ ಫೈಲಲ್ಲಿ ಈ ಖರ್ಚು ಎಲ್ಲೂ ಇರಲ್ಲ.

ಈ ಪತ್ರಕ್ಕೆ ಯಾವ ಕಂಪನಿಯಿಂದ ಉತ್ತರ ಬಂದ್ರೂ ಅಂಗಡಿ ಗೋಡೆಗೆ ಅಂಟಿಸ್ತೀನಿ. ಅಲ್ಲೀ ತನಕ, ಮನೇಲಿ ಪ್ಲೇಯರ್ ಇಲ್ಲದೋರು ಡಬ್ಬಿ ಹಿಡ್ಕಂಡು ಸೀದಾ ನನ್ನ ಅಂಗಡಿಗೆ ಬರ್ರಿ, ಬಿಚ್ಚಿ ಕೊಡ್ತೀನಿ, ಅದಕ್ಕೆ ದುಡ್ಡು ತಗಳಲ್ಲ. ಚಾಕು ತಂದ್ರೆ ತಗತೀನಿ.

ಇಂತಿ ನಿಮ್ಮ,
ಹಳೇ ಪೇಟೆ ಸಾಣೆಯವ, ದಾವಣಗೆರೆ